ಗಾಲಿಯ ಮೇಲಿನ ಹಸಿರು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಭಾಗ್ಯಶ್ರೀ ನಳದ ನೀರು ಹಿಡಿದಳು, ಕಿಟಕಿಯ ಅಂಚಿನ ಸಿಮೆಂಟ್ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ಅದನ್ನು ದಿನಾ ಒರೆಸಬೇಕು, ಮನೆಯಲ್ಲಿ ಯಾರು ಸತ್ತಿದ್ದರೂ. ಗಂಡ ಅರುಣಕುಮಾರನಿಗೆ ಮಣ್ಣು ಕೊಟ್ಟು ವಾರವಾಗಿತ್ತು. ಚಿತ್ತಾಪುರದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವನು, ಸಂಜೆ ಬೈಕಿನಲ್ಲಿ ಮರಳುವಾಗ ಲಾರಿಗೆ ಸಿಕ್ಕಿದ್ದ. ಮಾತಾಡಿಸಲು ಬಂದವರು ಅವಳ ವಯಸ್ಸು ಕೇಳಿ, ನಿಟ್ಟುಸಿರು ಬಿಟ್ಟು, ಚಹಾ ಕುಡಿದು ಹೋಗಿದ್ದರು.

ಅದೇ ಬೆಳಗ್ಗೆ, 2025ರ ನವೆಂಬರ್ 11ರಂದು, ವಾಡಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರ ಸೇಡಂನ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರಿ ಸಂಗಮೇಶ್ವರ. ಆರೋಪಿಯ ಜಾಗದಲ್ಲಿ ಅರುಣಕುಮಾರನ ಹೆಸರಿತ್ತು.

ಇನ್‌ಸ್ಪೆಕ್ಟರ್ ಕಲ್ಯಾಣಪ್ಪ ಅದನ್ನು ಓದಿ ಮೇಜಿನ ಮೇಲಿಟ್ಟು, ಎದುರಿಗೆ ಕುಳಿತಿದ್ದ ಸಂಗಮೇಶ್ವರನನ್ನು ನೋಡಿದರು.

"ಆಟಿಗಿ ರೈಲಿನ ಕೇಸೇನ್ರಿ ಇದು?"

"ಆಟಿಗಿ ಅಲ್ರಿ ಸಾಹೇಬ್ರ. ಮಾಡೆಲ್."

"ಫರಕ್ ಏನದ?"

"ಇದನ್ನ ಮಕ್ಕಳ ಕೈಯಾಗ ಕೊಡೂದಿಲ್ರಿ."

"ಮತ್ತ ಆಡೋರು ಯಾರು?"

"ಯಾರೂ ಆಡೂದಿಲ್ರಿ. ಗಾಜಿನ ಕಪಾಟದಾಗ ಇರ್ತದ."

ಕಲ್ಯಾಣಪ್ಪ ಹೆಡ್ ಕಾನ್‌ಸ್ಟೇಬಲ್ ಖಾಜಾನ ಕಡೆ ನೋಡಿದರು. ಖಾಜಾ ಗೋಡೆಯ ಕಡೆ ನೋಡಿದ.

ವಿಷಯ ಇಷ್ಟು. ಸಂಗಮೇಶ್ವರ ಕೊಂಡದ್ದು ಜರ್ಮನಿಯಲ್ಲಿ ತಯಾರಾದ ಹಬೆ ಇಂಜಿನ್ನಿನ ಮಾದರಿ. ಗೇಣುದ್ದ, ವಿದ್ಯುತ್ತಿನಿಂದ ಓಡುವಂಥದ್ದು. ಹೊಸದಲ್ಲ, ಒಬ್ಬರು ಬಳಸಿದ್ದು. ಆದರೂ ಬೆಲೆ ಒಂದು ಒಳ್ಳೆಯ ಬೈಕಿನಷ್ಟು. ಮಾರಿದವನು ವಾಡಿಯ ನಿವೃತ್ತ ರೈಲು ಚಾಲಕ ನಾಗೇಂದ್ರಪ್ಪ. ಹಳೆಯ ಕಾರಿಗಾದರೆ ಮೀಟರ್ ಇರುತ್ತದೆ, ಅದನ್ನೂ ಜನ ಹಿಂದಕ್ಕೆ ತಿರುಗಿಸುತ್ತಾರೆ. ಈ ಇಂಜಿನ್‌ಗಳಿಗೆ ಮೀಟರೇ ಇಲ್ಲ. ಎಷ್ಟು ಓಡಿದೆ ಎಂಬುದನ್ನು ಗಾಲಿ, ಗೇರು, ಮೋಟಾರು ನೋಡಿ ಅಂದಾಜು ಮಾಡಬೇಕು. ಈ ಸೀಮೆಯಲ್ಲಿ ಹಾಗೆ ನೋಡಬಲ್ಲವನು ಅರುಣಕುಮಾರ ಒಬ್ಬನೇ. ಅವನು ನಾಗೇಂದ್ರಪ್ಪನ ಮನೆಗೆ ಹೋಗಿ ನೋಡಿ, 'ಹೆಚ್ಚು ಓಡಿಲ್ಲ, ತಗೊಳ್ಳಿ' ಎಂದಿದ್ದ. ಎರಡು ದಿನ ಬಿಟ್ಟು ಡಬ್ಬಿಯನ್ನು ಸೇಡಂಗೆ ಒಯ್ದು ಮುಟ್ಟಿಸಿದವನೂ ಅವನೇ. ಹೋದ ಭಾನುವಾರ ಚಿಂಚೋಳಿಯಿಂದ ಬಂದ ಬೀಗರಿಗೆ ತೋರಿಸಲು ಹಳಿಯ ಮೇಲಿಟ್ಟರೆ ಇಂಜಿನ್ ಅಲುಗಲಿಲ್ಲ. ಕಲಬುರಗಿಯ ಒಬ್ಬ ರಿಪೇರಿಯವನು ಬಿಚ್ಚಿ ನೋಡಿ, ಮೇಲಿನ ಮೈ ಮಾತ್ರ ಹೊಸತು, ಒಳಗಿನದೆಲ್ಲ ಸವೆದು ಹೋಗಿದೆ ಎಂದ.

"ಬೀಗರು ನಕ್ಕರ್ರಿ," ಎಂದ ಸಂಗಮೇಶ್ವರ. ದೂರಿನ ತಿರುಳು ಅದೇ ಆಗಿತ್ತು.

"ಅರುಣಕುಮಾರ ಸತ್ತಾನ, ಗೊತ್ತದ ಇಲ್ಲ?"

"ಗೊತ್ತದರಿ. ಮಣ್ಣಿಗಿ ಬಂದಿದ್ದೆ."

"ಮಾರಿದವನ ಮ್ಯಾಲ ಯಾಕ ಇಲ್ಲ ದೂರು?"

"ನಾಗೇಂದ್ರಪ್ಪ ದೊಡ್ಡ ಮನುಷ್ಯಾರಿ. ಹಾದ್ಯಾಗ ಈ ಮಾಸ್ತರನೇ ಒಳಗಿಂದು ಬದಲಿ ಮಾಡ್ಯಾನ ಅಂತ ಅವರೇ ಅಂದ್ರು. ಎರಡು ತಿರುಪು ಬಿಚ್ಚಿದ್ರ ಮೈ ಬ್ಯಾರೆ, ಯಂತ್ರ ಬ್ಯಾರೆ."

ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ ವಂಚನೆಯ ಪ್ರಕರಣ ದಾಖಲಾಯಿತು. ಎಫ್‌ಐಆರ್ ಬರೆದು ಮುಗಿಸಿದ ಖಾಜಾ ಪೆನ್ನಿನ ಮುಚ್ಚಳ ಹಾಕಿದ.

"ಸತ್ತವರ ಮ್ಯಾಲ ಕೇಸ್ ಹಾಕೂದು ಭಾಳ ಸಸ್ತಾ ಸಾಹೇಬ್ರ. ವಕೀಲನ್ನ ಇಡೂದಿಲ್ಲ ಅವರು."

ಮಧ್ಯಾಹ್ನ ಖಾಜಾ ಮತ್ತು ಮಹಿಳಾ ಕಾನ್‌ಸ್ಟೇಬಲ್ ಜಗದೇವಿ ಅರುಣಕುಮಾರನ ಮನೆಗೆ ಹೋದರು. ಪಂಚರಾಗಿ ಇಬ್ಬರು ನೆರೆಯವರು ಬಂದರು. ಕರೆಯುವ ಮೊದಲೇ ಅವರು ಬಾಗಿಲಲ್ಲಿದ್ದರು. ಭಾಗ್ಯಶ್ರೀ ಎಫ್‌ಐಆರ್ ಪ್ರತಿಯನ್ನು ಓದಿದಳು. ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಓದುವುದನ್ನು ನಿಧಾನವಾಗಿ ಓದುತ್ತಿದ್ದಳು.

"ಏನು ಹುಡುಕಾಕತ್ತೀರಿ?"

"ಇಂಜಿನ್ನಿನ ಒಳಗಿಂದ್ರಿ. ಮೋಟಾರು, ಗಾಲಿ," ಎಂದಳು ಜಗದೇವಿ.

"ಹುಡುಕ್ರಿ."

ಒಂದು ಮೇಜು, ಸೂಜಿಯಷ್ಟು ಸಣ್ಣ ತಿರುಪುಳಿಗಳು, ಗ್ರೀಸಿನ ಡಬ್ಬಿ, ಒಂದು ಕಣ್ಣಿಗೆ ಹಾಕಿಕೊಂಡು ನೋಡುವ ಗಡಿಯಾರದವರ ಭೂತಗನ್ನಡಿ. ಇಂಜಿನ್ನಿನ ಒಂದು ಗಾಲಿಯೂ ಸಿಗಲಿಲ್ಲ. ಜಗದೇವಿ ಕನ್ನಡಿಯನ್ನು ಎತ್ತಿದಳು.

"ಅದು ಅವರದಲ್ಲ," ಎಂದಳು ಭಾಗ್ಯಶ್ರೀ. "ಶಹಾಬಾದಿನ ಜೈತುನ್‌ಬೀ ಅವರ ಗಡಿಯಾರದಂಗಡಿಯಿಂದ ಕೇಳಿ ತಂದಿದ್ದು. ಪಂಚನಾಮ್ಯಾಗ ಹಂಗೇ ಬರೀರಿ."

"ಮಂದಿ ಸಾಮಾನು ಮನ್ಯಾಗ ಇಟಗೊಳ್ಳೋ ಚಟ ಮೊದಲಿಂದ ಇತ್ತೇನೋ," ಎಂದ ಒಬ್ಬ ಪಂಚ, ಯಾರಿಗೂ ಅಲ್ಲವೆಂಬಂತೆ.

"ನಿಮ್ಮ ಮಿಕ್ಸರ್ ಮೂರು ಸಲ ರಿಪೇರಿ ಮಾಡಿ ಕೊಟ್ರಲ್ಲ ಅಣ್ಣಾ, ಆಗ ಈ ಚಟ ನಿಮಗ ಕಾಣಲಿಲ್ಲೇನು?"

ಪಂಚ ಸಹಿ ಹಾಕುವುದರಲ್ಲಿ ಮಗ್ನನಾದ. ಹೊರಡುವಾಗ ಭಾಗ್ಯಶ್ರೀ ಜಗದೇವಿಯನ್ನು ನಿಲ್ಲಿಸಿದಳು.

"ಇದರಾಗಿಂದ ಅವರ ಹೆಸರು ತೆಗೀಲಿಕ್ಕೆ ಏನು ಬೇಕು?"

ಜಗದೇವಿ ಸುಲೇಪೇಟದವಳು. ಸುತ್ತಿ ಬಳಸಿ ಮಾತಾಡುವ ರೂಢಿ ಅವಳಿಗಿರಲಿಲ್ಲ. "ಬ್ಯಾರೆಯವರ ಹೆಸರು ಬೇಕ್ರಿ," ಎಂದಳು.

ಮರುದಿನ ಕಲ್ಯಾಣಪ್ಪ ಸೇಡಂಗೆ ಹೋದರು. ಸಂಗಮೇಶ್ವರನ ಹಜಾರದ ಒಂದು ಗೋಡೆಯೆಲ್ಲ ಗಾಜಿನ ಕಪಾಟು. ಒಳಗೆ ಸಾಲಾಗಿ ಇಂಜಿನ್‌ಗಳು, ಮೇಲೆ ದೀಪ, ಎದುರಿಗೆ ಬಂದವರು ಕುಳಿತು ಹೊಗಳಲು ಸೋಫಾ. ಪ್ರತಿ ಇಂಜಿನ್ನಿನ ಹೆಸರನ್ನೂ ಸಂಗಮೇಶ್ವರ ತಪ್ಪಾಗಿ ಹೇಳಿದ. ಹೆಸರು ಕೆಳಗೇ ಬರೆದಿತ್ತು.

"ಡಬ್ಬಿ ಬಂದಾಗ ಹೆಂಗಿತ್ತು?"

"ಟೇಪ್ ಹಚ್ಚಿತ್ರಿ. ಟೇಪಿನ ಮ್ಯಾಲ ವಿಭೂತಿ ಎಳೆದಿತ್ತು. ನಾನೇ ಕೈಯಾರೆ ಕೊಯ್ದೆ."

"ವಿಭೂತಿ ಅಳಿಸಿತ್ತೇನು? ಟೇಪ್ ಎತ್ತಿ ಮತ್ತ ಹಚ್ಚಿದಂಗ ಇತ್ತೇನು?"

"ಇಲ್ರಿ. ಮೂರೂ ಗೆರಿ ಸಾಫ್ ಇದ್ದವು."

"ಆವತ್ತೇ ಓಡಿಸಿ ನೋಡಲಿಲ್ಲ?"

"ಓಡಿಸಿದ್ರ ಸವೀತದಲ್ರಿ," ಎಂದ ಸಂಗಮೇಶ್ವರ, ಪೊಲೀಸರಿಗೂ ಬುದ್ಧಿ ಹೇಳಬೇಕಾಯಿತಲ್ಲ ಎಂಬ ದನಿಯಲ್ಲಿ.

ಇಂಜಿನ್ ಮತ್ತು ಡಬ್ಬಿಯನ್ನು ಜಪ್ತಿ ಮಾಡಿ, ಮೊಹರು ಹಾಕಿ ತಂದರು. ಜೀಪಿನಲ್ಲಿ ಖಾಜಾ ಕೇಳಿದ, "ಊಟ ಮಾಡಿದ್ರ ಖಾಲಿ ಆಗ್ತದಂತ ಈ ಮನುಷ್ಯಾ ತಾಟ ನೋಡಕೋತ ಕುಂದರ್ತಾನೇನ್ರಿ?" ಕಲ್ಯಾಣಪ್ಪ ನಗಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಅಂಟಿದ್ದ ವಿಭೂತಿಯ ಗೆರೆಗಳನ್ನು ನೋಡುತ್ತಿದ್ದರು.

ನಾಗೇಂದ್ರಪ್ಪನ ಮನೆ ವಾಡಿಯ ರೈಲ್ವೆ ಕಾಲೊನಿಯ ಹಿಂದೆ. ಹಿಂಬದಿಯ ಕೋಣೆಯಲ್ಲಿ ದೊಡ್ಡ ಪರಸಿ ಕಲ್ಲುಗಳನ್ನು ಜೋಡಿಸಿ, ಅವುಗಳ ಮೇಲೆ ಅಂಡಾಕಾರದಲ್ಲಿ ಹಳಿ ಹಾಸಿದ್ದ. ಒಂದು ಇಂಜಿನ್ ಸುತ್ತುತ್ತಿತ್ತು. ಸಂಗಮೇಶ್ವರ ಕೊಂಡ ಇಂಜಿನ್ನಿನಂಥದ್ದೇ, ಆದರೆ ಮೈಯ ಬಣ್ಣ ಬಿಸಿಲಿಗೆ ಬೂದಿಯಾಗಿತ್ತು. ಸದ್ದೇ ಇರಲಿಲ್ಲ. ನಾಗೇಂದ್ರಪ್ಪ ಅದನ್ನು ನಿಲ್ಲಿಸದೆ ಮಾತಾಡಿದ.

"ಕುಂದ್ರಿ ಸಾಹೇಬ್ರ. ನಾ ಮೂವತ್ತು ವರ್ಷ ಗೂಡ್ಸ್ ಗಾಡಿ ಎಳದಾಂವ. ಚಹಾ?"

"ಬ್ಯಾಡ. ಇಂಥವು ಎಷ್ಟು ಇದ್ದವು ನಿಮ್ಮ ಕಡೆ?"

"ಎರಡು. ಇದು ದಿನಾ ಓಡೂದು, ಹಳೇದು. ಡಬ್ಬ್ಯಾಗ ಇಟ್ಟಿದ್ದು ಅವನಿಗಿ ಮಾರ್ದೆ. ಅರುಣ ಬಂದು, ಕಣ್ಣಾಗ ಕನ್ನಡಿ ಇಟಗೊಂಡು, ತಾಸಗಟ್ಟಲೆ ನೋಡಿ ಪಸಂದ್ ಅಂದ."

"ಎರಡು ದಿನ ಆದ ಮ್ಯಾಲ ಡಬ್ಬಿ ಕಟ್ಟಿದವರು ಯಾರು?"

"ನಾನೇ ರೀ. ನನ್ನ ಶೆಡ್ಡಿನಿಂದ ಇಂಜಿನ್ ಸುಮ್ಮ ಹೊರಗ ಹೋಗೂದಿಲ್ಲ." ನಾಗೇಂದ್ರಪ್ಪ ನೆಟ್ಟಗೆ ಕುಳಿತ. "ಹೊರಡೋ ಮುಂದ ಗಾಲಿ ಕೆಳಗ ನಿಂಬಿಹಣ್ಣು ಇಡಬೇಕು. ಖರೇ ಇಂಜಿನ್ನಿಗೂ ಇಟ್ಟೀನಿ, ಇದಕ್ಕೂ ಇಡ್ತೀನಿ. ಸಣ್ಣ ಹೋಳು ಮಾಡಿ ಎರಡೂ ಹಳಿ ಮ್ಯಾಲ ಇಟ್ಟು, ಇಂಜಿನ್ ಹಾಯಿಸಿ, ಅಲ್ಲಿಂದ ಎತ್ತಿ ಡಬ್ಬ್ಯಾಗ ಇಟ್ಟು, ಟೇಪ್ ಹಚ್ಚಿ ವಿಭೂತಿ ಎಳೆದೆ. ಅರುಣ ಆಮ್ಯಾಲ ಬಂದು ಒಯ್ದ. ಮನ್ಯಾಗ ಓಡೂ ಇಂಜಿನ್ನಿಗಿ ಇಡೂದಿಲ್ರಿ. ಊರು ಬಿಡೋದಕ್ಕ ಅಷ್ಟೇ."

"ನೀವೇ ಹಾಯಿಸಿದ್ರಿ? ಖಾತ್ರಿ?"

"ಬಸವಣ್ಣನ ಮ್ಯಾಲ ಆಣಿ."

ಬಸವಣ್ಣನ ಮೇಲೆ ಆಣೆ ಇಡುವವರಿಗೆ ನಿಂಬೆಹಣ್ಣೇಕೆ ಎಂದು ಕೇಳಬೇಕೆನಿಸಿತು ಕಲ್ಯಾಣಪ್ಪನವರಿಗೆ. ಕೇಳಲಿಲ್ಲ. ಹೇಳಿಕೆ ಬರೆದುಕೊಂಡು, ಓದಿ ಹೇಳಿದರು.

"ಅರುಣಕುಮಾರ ಹೆಂಥಾ ಮನುಷ್ಯಾ?"

"ಹುಡುಗ ಚಲೋ. ಕೈ ಮಾತ್ರ..." ನಾಗೇಂದ್ರಪ್ಪ ಬೆರಳುಗಳನ್ನು ಮಡಿಚಿ ಬಿಡಿಸಿದ. "ಹೋದವರ ಮಾತು ಯಾಕ್ರಿ. ಆ ಸೇಡಂನವಂದು ಇನ್ನೊಂದು ಥರ. ಇಂಜಿನ್ನ ಹೆಣದಂಗ ಗಾಜಿನ ಪೆಟಗ್ಯಾಗ ಇಡ್ತಾನ."

ಇಂಜಿನ್ ಇನ್ನೂ ಸುತ್ತುತ್ತಿತ್ತು. ಕಲ್ಯಾಣಪ್ಪನವರಿಗೆ ಏನೋ ಸರಿಯಿಲ್ಲ ಎನಿಸಿತು, ಏನೆಂದು ತಿಳಿಯಲಿಲ್ಲ.

ಸಂಜೆ ಭಾಗ್ಯಶ್ರೀಯನ್ನು ಠಾಣೆಗೆ ಕರೆಸಿದರು. ಭೂತಗನ್ನಡಿಯನ್ನೂ ತರಲು ಹೇಳಿದ್ದರು. ಬೇರೆ ಇಬ್ಬರು ಪಂಚರ ಮುಂದೆ ಮೊಹರು ಒಡೆದು, ಬಿಳಿ ಹಾಳೆಯ ಮೇಲೆ ಇಂಜಿನ್ನನ್ನು ಮಗುಚಿ ಇಟ್ಟರು.

"ನೀವು ಮುಟ್ಟಬ್ಯಾಡ್ರಿ. ಆರೋಪಿ ಹೆಂಡತಿ ನೀವು. ಎಲ್ಲಿ ನೋಡಬೇಕು ಅಷ್ಟೇ ಹೇಳ್ರಿ, ನಾ ನೋಡ್ತೀನಿ."

"ಅವರು ನೋಡೋದನ್ನ ನೋಡೀನಿ ಅಷ್ಟೇ. ಮೊದಲು ಗಾಲಿ. ಹಳಿ ಮುಟ್ಟೋ ಭಾಗ."

ಕಲ್ಯಾಣಪ್ಪ ಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಎರಡು ಸಲ ಬಿತ್ತು. ಸಮವಸ್ತ್ರಕ್ಕೆ ಸೆರಗಿಲ್ಲದ್ದರಿಂದ ಜಗದೇವಿ ನಗು ಮುಚ್ಚಲು ಬಾಯಿಗೆ ಕೈ ಅಡ್ಡ ಹಿಡಿದಳು.

"ನಡುವ ಹಳದಿ ಅದ. ಅಂಚಿಗಿ ಬೆಳ್ಳಗದ."

"ಗಾಲಿ ಹಿತ್ತಾಳಿದು. ಮ್ಯಾಲ ನಿಕ್ಕಲ್ ಲೇಪ ಇರ್ತದ. ಭಾಳ ಓಡಿದ್ರ ಲೇಪ ಹೋಗಿ ಹಿತ್ತಾಳಿ ಕಾಣತದ. ಈಗ ಗಾಲಿ ಬೆನ್ನು ನೋಡ್ರಿ. ಅಲ್ಲೊಂದು ತೆಳು ತಗಡು ಉಜ್ಜತದ, ಕರೆಂಟಿಗೆ."

"ಸುತ್ತ ಕಾಲುವಿ ಕೊರದಂಗ ಆಗ್ಯಾದ."

"ಹೊಸದಿದ್ರ ಬರೀ ಹೊಳಪಿನ ಗೆರಿ ಇರತಿತ್ತು. ಗಾಲಿ ಹಿಡದು ಆ ಕಡೆ ಈ ಕಡೆ ಅಲ್ಲಾಡಸ್ರಿ. ಸಡಿಲದ? ಗ್ರೀಸು?"

"ಕರ್ರಗ. ಅಲ್ಲ, ಬೂದಿ ಬಣ್ಣ."

"ಸಿಮೆಂಟ್ ಧೂಳು. ವಾಡ್ಯಾಗೇ ಓಡ್ಯಾದ ಇದು, ವರ್ಷಗಟ್ಟಲೆ. ಮೇಲಿನ ಮೈಗಿ ಒಂದು ಗೀರಿಲ್ಲ. ಇಷ್ಟು ವರ್ಷ ಓಡಿದ್ರ ಮೈನೂ ಮಾಸತಿತ್ತು. ಒಳಗಿಂದು ಸವೀಲಿಕ್ಕೆ ಓಡಲೇಬೇಕು. ಎರಡೂ ಹೊಂದಲಿಲ್ಲ ಅಂದ್ರ ಒಂದು ಬ್ಯಾರೆ ಇಂಜಿನ್ನಿಂದು."

ಕಲ್ಯಾಣಪ್ಪ ಕನ್ನಡಿಯನ್ನು ಕೆಳಗಿಳಿಸಿದರು. ಬೂದಿಯಾದ ಮೈ ಹೊತ್ತು ಸದ್ದಿಲ್ಲದೆ ಸುತ್ತುತ್ತಿದ್ದ ಇಂಜಿನ್ ಅವರ ನೆನಪಿಗೆ ಬಂತು.

"ಸವದ ಇಂಜಿನ್ ಸದ್ದು ಮಾಡ್ತದೇನು?"

"ಕಿರಗುಡತದ. ಪಕ್ಕದ ಕೋಣಿಗಿ ಕೇಳಸತದ."

ಅವರು ಮತ್ತೆ ಕನ್ನಡಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಆ ಹಳದಿ ಮ್ಯಾಲ ಹಸಿರು ಏನದ? ಎಲ್ಲ ಗಾಲಿಗೂ ಅದ."

ಭಾಗ್ಯಶ್ರೀ ಜಗದೇವಿಯ ಕಡೆ ತಿರುಗಿದಳು. "ಕಲಾಯಿ ಹೋದ ಹಿತ್ತಾಳಿ ಪಾತ್ರ್ಯಾಗ ಹುಳಿ ಇಟ್ಟು ಮರತ್ರ ಏನಾಗ್ತದ?"

"ಕಿಲುಬು ಹಿಡೀತದ್ರಿ. ಹಸಿರು."

"ಅದೇ ಇದು. ಹುಳಿ ಎಲ್ಲಿಂದ ಬಂತು, ಅದು ನಂಗ ಗೊತ್ತಿಲ್ಲ."

ಕಲ್ಯಾಣಪ್ಪನವರಿಗೆ ಗೊತ್ತಿತ್ತು. ಒಂದು ಗಾಲಿಯ ಕಡ್ಡಿಗಳ ನಡುವೆ ಒಣಗಿದ ನಾರಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಚಿಮಟದಿಂದ ತೆಗೆದು, ಹಸಿರನ್ನು ಸ್ವಲ್ಪ ಕೆರೆದು, ಪ್ರತ್ಯೇಕ ಪೊಟ್ಟಣಗಳಲ್ಲಿ ಹಾಕಿಸಿದರು. ಪ್ರಯೋಗಾಲಯದ ವರದಿ ಬರುವಾಗ ಬರಲಿ.

"ನಿಮ್ಮ ಗಂಡ ಇಂಜಿನ್ನಿಗಿ ನಿಂಬಿಹಣ್ಣು ಇಡತಿದ್ರೇನು?"

"ನಿಂಬಿಹಣ್ಣೇ?" ಅವಳು ಅವರ ಮುಖ ನೋಡಿದಳು. "ನಾಗೇಂದ್ರಪ್ಪನವರ ಕೂಡ ಅದಕ್ಕೇ ಜಗಳಾಡಿದ್ರು. ರಸ ಗಾಲಿ ತಿಂತದ, ಇಡಬ್ಯಾಡ್ರಿ ಅಂತ. ಮನಿಗಿ ಬಂದು ನನ್ನ ಮುಂದೂ ಹೇಳಿ ನಕ್ಕಿದ್ರು."

ಲೆಕ್ಕ ಸರಳವಾಗಿತ್ತು. ನಿಂಬೆ ಹಾಯಿಸಿದವನು ನಾಗೇಂದ್ರಪ್ಪ. ಅದು ಅವನದೇ ಹೇಳಿಕೆ. ಹಾಯಿಸಿ ಡಬ್ಬಿ ಮುಚ್ಚಿದವನೂ ಅವನೇ. ಲೇಪ ಇದ್ದ ಗಾಲಿಯಾಗಿದ್ದರೆ ಕಿಲುಬು ಹಿಡಿಯುತ್ತಿರಲಿಲ್ಲ. ಆವತ್ತು ರಸ ಬಿದ್ದದ್ದು ಸವೆದ ಗಾಲಿಗಳ ಮೇಲೆ. ಅಂದರೆ ಅರುಣಕುಮಾರ ಡಬ್ಬಿಯನ್ನು ಮುಟ್ಟುವ ಮೊದಲೇ ಅದರೊಳಗೆ ಸವೆದ ಯಂತ್ರ ಕುಳಿತಿತ್ತು.

"ಬೀಗರ ಮುಂದ ಓಡದೆ ಇದ್ದದ್ದೂ ಅದಕ್ಕೇ," ಎಂದಳು ಭಾಗ್ಯಶ್ರೀ. "ಕಿಲುಬು ಕರೆಂಟ್ ಬಿಡೂದಿಲ್ಲ. ನಿಂಬಿಹಣ್ಣು ಇಟ್ಟಿದ್ದಿಲ್ಲ ಅಂದ್ರ ಆ ಸವದದ್ದೇ ಕಿರಗುಡಕೋತ ನಾಕು ಸುತ್ತು ಓಡತಿತ್ತು. ಆ ಮನ್ಯಾಗ ಯಾರಿಗೂ ಫರಕ್ ಗೊತ್ತಾಗತಿದ್ದಿಲ್ಲ."

ನವೆಂಬರ್ 13ರಂದು ಚಿತ್ತಾಪುರದ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆದು, ಮಧ್ಯಾಹ್ನ ನಾಗೇಂದ್ರಪ್ಪನ ಮನೆಗೆ ಹೋದರು. ಬಾಗಿಲು ತೆರೆಯಲು ತಡವಾಯಿತು. ಹಿಂಬದಿಯ ಕೋಣೆಯಲ್ಲಿ ಹಳಿ ಖಾಲಿಯಿತ್ತು.

"ಇಂಜಿನ್ ಎಲ್ಲಿ?"

"ಕೆಟ್ಟಿತ್ರಿ. ಒಗದುಬಿಟ್ಟೆ."

"ನಿನ್ನಿ ಓಡತಿತ್ತು."

"ಇವತ್ತ ಕೆಟ್ಟಿತ್ರಿ."

ಖಾಜಾ ಕಪಾಟು ನೋಡಿದ, ಹಾಸಿಗೆ ಮಗುಚಿದ. ಜಗದೇವಿ ಅಡುಗೆಮನೆಗೆ ಹೋದಳು. ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಐದು ಬೆರಳಿನ ಹಿಟ್ಟು ಹತ್ತಿತ್ತು. ಅವಳು ಮೊಣಕೈವರೆಗೆ ಕೈ ಇಳಿಸಿದಳು.

"ಸಾಹೇಬ್ರ, ರೊಟ್ಟ್ಯಾಗ ಗಾಲಿ ಬರತಿದ್ದವು ನೋಡ್ರಿ."

ಬೂದಿ ಬಣ್ಣದ ಇಂಜಿನ್ ಹಿಟ್ಟಿನೊಳಗಿಂದ ಹೊರಬಂತು. ಗೇರುಗಳಲ್ಲಿ, ಮೋಟಾರಿನಲ್ಲಿ ಎಲ್ಲ ಹಿಟ್ಟು. ಮೂವತ್ತು ವರ್ಷ ಇಂಜಿನ್ನಿಗೆ ಕೈ ಮುಗಿದವನು ಸಿಕ್ಕಿಬೀಳುವ ಹೊತ್ತಿಗೆ ಅದನ್ನು ಹಿಟ್ಟಿನಲ್ಲಿ ಹುಗಿದಿದ್ದ. ಕಲ್ಯಾಣಪ್ಪ ಗಾಲಿಗಳನ್ನು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದರು. ಲೇಪ ಪೂರ್ತಿ ಇತ್ತು. ಬೆನ್ನಿಗೆ ಹೊಳಪಿನ ಒಂದು ಗೆರೆ ಮಾತ್ರ. ಪಂಚನಾಮೆಯಲ್ಲಿ ಅದನ್ನೆಲ್ಲ ಬರೆಸಿದರು, ಹಿಟ್ಟನ್ನೂ.

"ಹೇಳ್ರಿ ನಾಗೇಂದ್ರಪ್ಪನವರ."

ನಾಗೇಂದ್ರಪ್ಪ ಪರಸಿ ಕಲ್ಲಿನ ಅಂಚಿಗೆ ಕುಳಿತ. ಖಾಲಿ ಹಳಿಯ ಮೇಲೆ ಬೆರಳಾಡಿಸಿದ.

"ಓಡಸದವನಿಗಿ ಓಡೂ ಇಂಜಿನ್ ಯಾಕ್ರಿ? ಅವನಿಗಿ ಬೇಕಾಗಿದ್ದು ಮ್ಯಾಲಿನ ಮೈ. ಅದನ್ನ ಕೊಟ್ಟೀನಿ, ಹೊಳಿಯೂದು ಕೊಟ್ಟೀನಿ. ಒಳಗಿಂದು ಅವನ ಕಪಾಟದಾಗ ಸಾಯೂದಕ್ಕಿಂತ ಇಲ್ಲಿ ಓಡ್ಲಿ ಅಂತ ಇಟಗೊಂಡೆ. ತಪ್ಪೇನದ?"

"ಮಾರಿದ್ದು ಪೂರಾ ಇಂಜಿನ್."

"ಅವನಿಗೆಲ್ಲಿ ಗೊತ್ತಾಗತಿತ್ರಿ! ನಾ ನಿವೃತ್ತಿ ಆದ ಮರುದಿನದಿಂದ ಮನ್ಯಾಗ ಗಾಲಿ ಸದ್ದಿಲ್ಲದ ಕುಂತಿಲ್ಲ. ಅವನಿಗೇನು ಗೊತ್ತು."

"ಅದು ನಿಮ್ಮದೂ ಸಂಗಮೇಶ್ವರನದೂ ವ್ಯವಹಾರ. ಅರುಣಕುಮಾರನ ಹೆಸರು ಯಾಕ ಹೇಳಿದ್ರಿ? ಮಣ್ಣಿಗಿ ಹೋಗಿದ್ರಿ ಇಲ್ಲ?"

"ಹೋಗಿದ್ದೆ. ಮೂರು ಹಿಡಿ ಮಣ್ಣು ಹಾಕೀನಿ." ನಾಗೇಂದ್ರಪ್ಪ ತಲೆ ಎತ್ತಿದ. ಅವನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. "ಸತ್ತವನಿಗಿ ಏನು ಹತ್ತತದ್ರಿ?"

ಕಲ್ಯಾಣಪ್ಪ ಆ ಮಾತನ್ನೂ ಬರೆದುಕೊಂಡರು. ಸಾಕ್ಷ್ಯ ಬಚ್ಚಿಟ್ಟ ಕಾರಣ ನಮೂದಿಸಿ, ನಾಗೇಂದ್ರಪ್ಪನನ್ನು ಬಂಧಿಸಿ, ಚಿತ್ತಾಪುರದ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಹಾದುಹೋಗುವವರೆಗೂ ನಾಗೇಂದ್ರಪ್ಪ ಜೀಪಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಓಡುವುದರ ಮೇಲಿನ ಆಸೆಯನ್ನು ಅವನು ಪ್ರೀತಿ ಎಂದುಕೊಂಡಿದ್ದ. ಇರಬಹುದು. ಆ ಪ್ರೀತಿಯಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ, ಬದುಕಿದ್ದವರಿಗೂ ಸತ್ತವರಿಗೂ.

ಸಂಗಮೇಶ್ವರ ಮರುದಿನ ಫೋನ್ ಮಾಡಿ, ಇಂಜಿನ್ ಯಾವಾಗ ಸಿಗುತ್ತದೆ, ಕಪಾಟು ಖಾಲಿ ಕಾಣುತ್ತದೆ ಎಂದು ಕೇಳಿದ. ಪ್ರಕರಣ ಮುಗಿದ ಮೇಲೆ ಎಂದರು ಕಲ್ಯಾಣಪ್ಪ. ಜೋಳದ ಹಿಟ್ಟು ಹೊಕ್ಕಿದೆ ಎಂಬುದನ್ನು ಅವರಾಗಿ ಹೇಳಲಿಲ್ಲ. ಅರುಣಕುಮಾರನ ಹೆಂಡತಿಗೆ ತಪ್ಪಾಯಿತೆಂದು ಒಂದು ಮಾತು ಹೇಳುತ್ತೀರಾ ಎಂದು ಅವರು ಕೇಳಿದಾಗ, "ಹೇಳೂದೇನದರಿ, ಕಾಗದ ಪತ್ರದಾಗ ಬರ್ತದಲ್ಲ," ಎಂದ.

ಬಂತು. ಆರೋಪಿಯ ಜಾಗದಲ್ಲಿ ನಾಗೇಂದ್ರಪ್ಪನ ಹೆಸರು ಸೇರಿಸಿ, ಅರುಣಕುಮಾರನ ಹೆಸರನ್ನು ಕೈಬಿಟ್ಟ ವರದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಲಾಯಿತು. ಜಗದೇವಿ ಪ್ರತಿಯನ್ನು ಮನೆಗೇ ತಂದುಕೊಟ್ಟಳು. ಭಾಗ್ಯಶ್ರೀ ಬಾಗಿಲಲ್ಲೇ ನಿಂತು, ನಿಧಾನವಾಗಿ, ಕೊನೆಯವರೆಗೆ ಓದಿದಳು. ಪಕ್ಕದ ಮನೆಯವನು ಒಳಗೆ ಮಿಕ್ಸರ್ ಓಡಿಸುತ್ತಿದ್ದ.

"ಚಹಾ ಕುಡೀತೀರೇನು?" ಎಂದಳು. ಗಂಡ ಹೋದ ಮೇಲೆ ಅವಳು ತಾನಾಗಿ ಯಾರಿಗಾದರೂ ಹಾಗೆ ಕೇಳಿದ್ದು ಅದೇ ಮೊದಲು.

ಮರುದಿನ ಶಹಾಬಾದಿನ ಬಸ್ಸು ಹತ್ತಿದಳು. ಜೈತುನ್‌ಬೀಯ ಅಂಗಡಿ ಬಜಾರಿನ ಮೂಲೆಯಲ್ಲಿ, ಎರಡು ಮೆಟ್ಟಿಲಿನ ಮೇಲೆ. ಗಂಡ ತೀರಿದ ಮೇಲೂ ಆಕೆ ಅದನ್ನು ಮುಚ್ಚಿರಲಿಲ್ಲ. ಭಾಗ್ಯಶ್ರೀ ಕರವಸ್ತ್ರ ಬಿಚ್ಚಿ ಭೂತಗನ್ನಡಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

"ಇದು ನಿಮ್ಮದು. ಅವರು ಒಯ್ದಿದ್ರು."

ಜೈತುನ್‌ಬೀ ಅವಳ ಬರಿಗೈಗಳನ್ನು ನೋಡಿದಳು, ಕನ್ನಡಿಯನ್ನು ನೋಡಿದಳು. "ಇಟಗೋ ಬೇಟಿ. ಅವನ ಕಣ್ಣಿಗಿ ಹಚ್ಚಿದ್ದದ ಇದು."

"ಬ್ಯಾಡ್ರಿ. ಕೇಳಿ ತಂದಿದ್ದು."

ಜೈತುನ್‌ಬೀ ಮತ್ತೆ ಒತ್ತಾಯ ಮಾಡಲಿಲ್ಲ. ಯಾರು ಏನು ತಂದುಕೊಟ್ಟರೂ ಮಾಡುವಂತೆ, ಕನ್ನಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು, ಅಂಚನ್ನು ಉಗುರಿನಿಂದ ಸವರಿದಳು, ಕಣ್ಣಿಗೆ ಹಾಕಿಕೊಂಡು ತನ್ನ ಅಂಗೈಯ ಗೆರೆಗಳನ್ನು ನೋಡಿದಳು. ಭಾಗ್ಯಶ್ರೀ ಮೆಟ್ಟಿಲು ಇಳಿಯದೆ, ಆಕೆಯ ತೀರ್ಪು ಬರುವವರೆಗೂ ನಿಂತಿದ್ದಳು.

"ಒಂದು ಗೀರಿಲ್ಲ," ಎಂದಳು ಜೈತುನ್‌ಬೀ. "ಹೆಂಗ ಒಯ್ದಿದ್ನೋ ಹಂಗೇ ಅದ."

ಹಿಂದಿನ ಗೋಡೆಯಲ್ಲಿ ಒಂದು ಮೊಳೆ ಖಾಲಿಯಿತ್ತು. ಕನ್ನಡಿಯನ್ನು ಅದಕ್ಕೆ ತೂಗುಹಾಕಿದಳು.